ಚುಕ್ಕಿಯ ಆಚೆಗಿನ ಹತ್ತು

ಹಳಗನ್ನಡ ಕಾವ್ಯದ ಪದ್ಯವೊಂದನ್ನು ಉಲ್ಲೇಖಿಸುವಾಗ 1.10 ಎಂದು ಬರೆದರೆ ಮೊದಲ ಆಶ್ವಾಸದ ಹತ್ತನೆಯ ಪದ್ಯ ಎಂದರ್ಥ. ಅದು 1.9ರ ನಂತರ ಬರುತ್ತದೆ ಎನ್ನುವುದರಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಅನುಮಾನವಿಲ್ಲ. ಗಣಿತದ ತರಗತಿಯಲ್ಲಿ ಅದೇ 1.10 ಎಂದರೆ 1.1, 1.9ಕ್ಕಿಂತ ಚಿಕ್ಕದು. ಚುಕ್ಕಿ ಒಂದೇ, ಓದು ಎರಡು. ತಂತ್ರಾಂಶಗಳ ಆವೃತ್ತಿ ಸಂಖ್ಯೆಗಳು ಮೊದಲಿನಿಂದಲೂ ಈ ಎರಡು ಓದುಗಳ ನಡುವೆ ಸಿಕ್ಕಿಕೊಂಡಿವೆ.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಪ್ರೋಗ್ರಾಮಿಗೆ ಮಾಡಿದ ಪ್ರತಿ ತಿದ್ದುಪಡಿಗೂ ಅದು 1.1, 1.2 ಎಂದು ಸಂಖ್ಯೆ ಕೊಡುತ್ತಿತ್ತು. 1.9 ಆದ ಮೇಲೆ 1.10. ಅಂದರೆ ಆಶ್ವಾಸ, ಪದ್ಯಗಳ ಲೆಕ್ಕವೇ. ಎಲ್ಲರೂ ಹಾಗೆ ಎಣಿಸಲಿಲ್ಲ. ಪರ್ಲ್ ಭಾಷೆಯಲ್ಲಿ 5.005ರ ನಂತರ 2000ದಲ್ಲಿ ಬಂದದ್ದು 5.6.0, ದಶಮಾಂಶದ ಹಳೆಯ ಪದ್ಧತಿಯಲ್ಲಿ ಅದು 5.006. ಪೈಥಾನ್ 3.10 ಬಂದ 2021ರಲ್ಲೂ ಗೊಂದಲ ತಪ್ಪಲಿಲ್ಲ. ಆವೃತ್ತಿಯ ಮೊದಲ ಮೂರು ಚಿಹ್ನೆಗಳನ್ನಷ್ಟೇ ಓದುತ್ತಿದ್ದ ಪ್ರೋಗ್ರಾಮುಗಳು ಅದನ್ನು 2009ರ 3.1 ಎಂದು ತಿಳಿದವು.

ಇದು ಬರೀ ಲೆಕ್ಕದ ತಕರಾರಲ್ಲ. ಇಂದಿನ ಒಂದೊಂದು ತಂತ್ರಾಂಶವೂ ಬೇರೆಯವರು ಬರೆದ ಹತ್ತಾರು ತುಣುಕುಗಳ ಮೇಲೆ ನಿಂತಿದೆ. ಯಾವ ತುಣುಕಿನ ಯಾವ ಆವೃತ್ತಿಯನ್ನು ತರಬೇಕೆಂದು ಬಿಲ್ಡ್ ಟೂಲ್‌ಗಳೇ ತೀರ್ಮಾನಿಸುತ್ತವೆ. ಭದ್ರತೆಯ ದೋಷ ಸರಿಪಡಿಸಿದ 1.10 ಸಿದ್ಧವಿದ್ದರೂ 1.9 ಹೊಸದೆಂದು ಬಗೆದರೆ ಆ ತಿದ್ದುಪಡಿ ಬಳಕೆದಾರರಿಗೆ ತಲುಪುವುದೇ ಇಲ್ಲ.

ಸಂಖ್ಯೆಯ ಜೊತೆಗೆ ಅಕ್ಷರ ಸೇರಿದಾಗ ತೊಡಕು ಹೆಚ್ಚಿತು. 1.0ಕ್ಕೆ ಮುಂಚೆ ಪರೀಕ್ಷೆಗೆಂದು ಹೊರಬರುವುದು 1.0ಬೀಟಾ. ನಿಘಂಟಿನಲ್ಲಿ ‘ಮರ’ ಮೊದಲು, ‘ಮರಳು’ ನಂತರ. ಆ ನಿಯಮ ಹಿಡಿದರೆ ಕರಡು ಪ್ರತಿಯೇ ಅಚ್ಚಾದ ಪುಸ್ತಕಕ್ಕಿಂತ ಹೊಸದಾಗಿಬಿಡುತ್ತದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯವರು ಇದಕ್ಕೆ ~ ಚಿಹ್ನೆಯನ್ನು ಬಳಸಿದರು. ಅವರ ನಿಯಮದಲ್ಲಿ ಅದು ಎಲ್ಲಕ್ಕಿಂತ ಮೊದಲು, ‘ಏನೂ ಇಲ್ಲ’ದ್ದಕ್ಕಿಂತಲೂ ಮೊದಲು. ಹೀಗೆ 1.0~ಬೀಟಾ 1.0ಕ್ಕಿಂತ ಹಿಂದಿನದಾಯಿತು.

ಬೇರೆಯವರು ಬೇರೆ ದಾರಿ ಹಿಡಿದರು. ಜಾವಾ ಲೋಕದ ಮೇವನ್ ಕೆಲವು ಪದಗಳ ಅನುಕ್ರಮವನ್ನೇ ಕಂಠಪಾಠ ಮಾಡಿಕೊಂಡಿದೆ: ಆಲ್ಫಾ, ಬೀಟಾ, ಆಮೇಲೆ ಅಧಿಕೃತ ಬಿಡುಗಡೆ, ಅದರ ನಂತರ ಸರ್ವಿಸ್ ಪ್ಯಾಕ್ ಎಂಬರ್ಥದ ‘ಎಸ್‌ಪಿ’. ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮದಲ್ಲಾದರೋ, ಸಂಖ್ಯೆಯ ನಂತರ ಅಡ್ಡಗೆರೆ ಹಾಕಿ ಏನನ್ನು ಬರೆದರೂ ಅದು ಬಿಡುಗಡೆಗೆ ಮುಂಚಿನದೇ. ಹಾಗಾಗಿ 1.0.0-ಎಸ್‌ಪಿ ಎಂಬುದು ಒಬ್ಬರಿಗೆ 1.0.0ದ ನಂತರದ್ದು, ಇನ್ನೊಬ್ಬರಿಗೆ ಅದರ ಹಿಂದಿನದು. ಕ್ರಮವು ಸಂಖ್ಯೆಯೊಳಗೆ ಇಲ್ಲ, ಓದುವವರ ಒಪ್ಪಂದದಲ್ಲಿದೆ.

ಎಣಿಕೆಯ ಪದ್ಧತಿಯೇ ಬದಲಾದರೆ? ವರ್ಷ, ತಿಂಗಳು ಸೇರಿಸಿ 2003.05 ಎನ್ನುತ್ತಿದ್ದವರು ಮುಂದೆ 1.0 ಎನ್ನತೊಡಗಿದರೆ ಹೊಸದೇ ಹಳೆಯದಾಗಿ ಕಾಣುತ್ತದೆ. ಆಗ ಡೆಬಿಯನ್‌ನಲ್ಲಿ 1:1.0 ಎಂದು ಬರೆಯುತ್ತಾರೆ. ಮುಂದಿನ ಆ ಅಂಕಿಯ ಹೆಸರು ಎಪೋಕ್, ಅಂದರೆ ಶಕ. ಅದು ಹೆಚ್ಚಿದ್ದರೆ ಉಳಿದ ಸಂಖ್ಯೆಗಳನ್ನು ನೋಡುವ ಅಗತ್ಯವೇ ಇಲ್ಲ.

ಶಾಸನ ಓದುವವರಿಗೆ ಇದು ಹೊಸದಲ್ಲ. 1076ರಲ್ಲಿ ಕಲ್ಯಾಣದ ಆರನೆಯ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ. ಅದರ 1ನೆಯ ವರ್ಷ ಶಕ 997ರ ನಂತರದ್ದು. ಯಾವ ಶಕವೆಂದು ತಿಳಿಯದೆ ಎರಡು ಶಾಸನಗಳಲ್ಲಿ ಯಾವುದು ಹಿಂದಿನದು ಎಂದು ಹೇಳಲಾಗದು. ವ್ಯತ್ಯಾಸ ಒಂದೇ: ವಿಕ್ರಮ ವರ್ಷವನ್ನು ಬಿಟ್ಟು ಜನ ಮತ್ತೆ ಶಕವರ್ಷಕ್ಕೆ ಮರಳಿದರು. ಡೆಬಿಯನ್‌ನ ಎಪೋಕ್ ಒಮ್ಮೆ ಸೇರಿತೆಂದರೆ ಹೋಗದು. ತೆಗೆದರೆ ಅದನ್ನು ಸೊನ್ನೆ ಎಂದೇ ಎಣಿಸುತ್ತಾರೆ, ಮುಂದಿನ ಆವೃತ್ತಿಗಳೆಲ್ಲ ಹಳೆಯವಾಗುತ್ತವೆ. ಎಣಿಕೆ ಬದಲಿಸಿದ ಕಾರಣ ಎಲ್ಲರಿಗೂ ಮರೆತುಹೋದ ಮೇಲೂ ಆ 1 ಅಲ್ಲೇ ಇರುತ್ತದೆ.