ಸಹಸ್ರ ಯಕ್ಷರ ಕಾವಲಿನ ಚಕ್ರ

ಭರತನ ಆಯುಧಶಾಲೆಯಲ್ಲಿ ಚಕ್ರರತ್ನ ಹುಟ್ಟಿದ ಸುದ್ದಿ ಒಂಟಿಯಾಗಿ ಬರಲಿಲ್ಲ. ತಂದೆ ವೃಷಭನಾಥನಿಗೆ ಕೇವಲಜ್ಞಾನವಾದ ವಾರ್ತೆ, ತನಗೆ ಮಗ ಹುಟ್ಟಿದ ವಾರ್ತೆ, ಚಕ್ರೋತ್ಪತ್ತಿಯ ವಾರ್ತೆ ಮೂರೂ ಒಮ್ಮೆಗೇ ಬಂದವು. ಯಾವುದಕ್ಕೆ ಮೊದಲ ಮನ್ನಣೆ ಎಂದು ಯೋಚಿಸಿದ ಭರತನು ಸಮವಸರಣಕ್ಕೆ ಹೊರಟನು; ಚಕ್ರಪೂಜೆ ಆಮೇಲೆ ನಡೆಯಿತು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಆ ಕೃತಿಯ ಹಾದಿಯಲ್ಲೇ ನಡೆದು ಕ್ರಿ.ಶ. 941ರಲ್ಲಿ ಪಂಪನು ತನ್ನ ಕನ್ನಡ ಆದಿಪುರಾಣವನ್ನು ರಚಿಸಿದನು. ಧರ್ಮಕ್ಕೆ ಮೊದಲ ಸ್ಥಾನ ಕೊಟ್ಟ ಈ ಅರಸನೇ ಮುಂದೆ ಅದೇ ಚಕ್ರವನ್ನು ಒಡಹುಟ್ಟಿದ ತಮ್ಮನ ಮೇಲೆ ಎಸೆಯುತ್ತಾನೆ ಎಂಬುದನ್ನು ನೆನೆದರೆ ಮೊದಲ ಪ್ರಸಂಗದ ಅರ್ಥ ಇನ್ನಷ್ಟು ಗಾಢವಾಗುತ್ತದೆ.

ಜೈನ ಪುರಾಣಗಳ ಚಕ್ರವರ್ತಿಗೆ ಹದಿನಾಲ್ಕು ರತ್ನಗಳು. ಸೇನಾಪತಿ, ಪುರೋಹಿತ, ಗಜ, ಅಶ್ವ ಮೊದಲಾದವು ಜೀವರತ್ನಗಳು. ಚಕ್ರ, ಛತ್ರ, ದಂಡ, ಖಡ್ಗ, ಮಣಿ, ಚರ್ಮ, ಕಾಕಿಣಿ ಎಂಬ ಏಳು ಅಜೀವರತ್ನಗಳು. ಒಂದೊಂದು ರತ್ನಕ್ಕೂ ಸಾವಿರ ಯಕ್ಷರ ಕಾವಲು. ಇವುಗಳಲ್ಲಿ ಸುದರ್ಶನವೆಂಬ ಹೆಸರಿನ ಚಕ್ರದ ರೀತಿಯೇ ಬೇರೆ. ದಿಗ್ವಿಜಯದಲ್ಲಿ ಅದು ಸೇನೆಯ ಮುಂದೆ ತಾನೇ ತಾನಾಗಿ ಸಾಗುತ್ತದೆ. ಅದು ತೋರಿದ್ದೇ ದಾರಿ. ಅದನ್ನು ಕಂಡ ಅರಸರು ಕಾದುವ ಮೊದಲೇ ತಲೆಬಾಗುತ್ತಾರೆ. ಇಂತಹ ವಸ್ತುವಿಗೆ ಕಾವಲು ಬೇಕಾದುದು ಸಹಜವೇ. ಆದರೆ ಆ ಕಾವಲು ಯಾರಿಂದ ಯಾರನ್ನು ಕಾಯುವುದಕ್ಕೆ? ಪುರಾಣಕಾರರು ಈ ಪ್ರಶ್ನೆಯನ್ನು ನೇರವಾಗಿ ಎತ್ತುವುದಿಲ್ಲ. ಕಥೆಯನ್ನೇ ಅದರ ಸುತ್ತ ಹೆಣೆದಿದ್ದಾರೆ.

ದಿಗ್ವಿಜಯ ಮುಗಿಸಿ ಬಂದಾಗ ಚಕ್ರ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಷಟ್ಖಂಡವನ್ನು ಸುತ್ತಿ ಬಂದ ಆಯುಧ ಸ್ವಂತ ಊರಿನ ಹೊಸ್ತಿಲನ್ನು ದಾಟಲೊಲ್ಲದು. ತಮ್ಮಂದಿರು ಇನ್ನೂ ಅಧೀನರಾಗಿಲ್ಲ ಎಂದು ಪುರೋಹಿತನು ಕಾರಣ ಹೇಳುತ್ತಾನೆ. ಗಮನಿಸಬೇಕಾದ ಮಾತೊಂದಿದೆ: ಭರತನ ಮನಸ್ಸಿನಲ್ಲಿ ಇನ್ನೂ ಮೂಡದಿದ್ದ ಬೇಡಿಕೆಯನ್ನು ಚಕ್ರವೇ ಮುಂದಿಡುತ್ತದೆ. ಸಾರ್ವಭೌಮತ್ವ ಎಂಬುದು ಅಪೂರ್ಣವಾಗಿರಲು ಒಪ್ಪದು. ಮನೆಯೊಳಗಿನ ಒಂದು ತಲೆ ಬಾಗದಿದ್ದರೂ ಹೊರಗಿನ ಗೆಲುವೆಲ್ಲ ಅದಕ್ಕೆ ಕಡಿಮೆಯೇ. ಹಲವು ತಮ್ಮಂದಿರು ತಂದೆಯ ಬಳಿಗೆ ಹೋಗಿ ದೀಕ್ಷೆ ಪಡೆದರು. ಉಳಿದವನು ಪೌದನಪುರದ ಬಾಹುಬಲಿ.

ಇಬ್ಬರೂ ಚರಮಶರೀರಿಗಳು, ಇದೇ ಜನ್ಮದಲ್ಲಿ ಮೋಕ್ಷಕ್ಕೆ ಸಲ್ಲುವವರು. ಯುದ್ಧದಲ್ಲಿ ಇವರು ಸಾಯುವುದಿಲ್ಲ, ಸಾಯುವವರು ಸೈನಿಕರು ಮಾತ್ರ ಎಂದು ಮಂತ್ರಿಗಳು ಲೆಕ್ಕ ಹಾಕಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಏರ್ಪಾಡು ಹುಟ್ಟಿದ್ದು ಈ ಲೆಕ್ಕದಿಂದ. ಮೂರರಲ್ಲಿಯೂ ಸೋತ ಭರತನು ಚಕ್ರವನ್ನು ನೆನೆದನು. ನೆನೆದೊಡನೆ ಅದು ಕೈಗೆ ಬಂತು. ಎಸೆದಾಗ ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು, ಕಾಂತಿಗುಂದಿ, ಬಳಿಯಲ್ಲಿ ನಿಂತಿತು.

ಇಲ್ಲಿ ಆ ಸಾವಿರ ಯಕ್ಷರು ಏನು ಮಾಡುತ್ತಿದ್ದರು? ಅರಸನ ಕೈಯನ್ನು ಅವರು ತಡೆಯಲಿಲ್ಲ. ಒಡೆಯನ ಪುಣ್ಯ ಇರುವವರೆಗೆ ಅವರು ಅವನ ಆಜ್ಞಾಧಾರಕರು. ಕಳ್ಳನಿಂದ ಕಾಯಬಲ್ಲರು, ಒಡೆಯನಿಂದ ಕಾಯಲಾರರು. ಚಕ್ರವನ್ನು ನಿಲ್ಲಿಸಿದ್ದು ಕಾವಲುಗಾರರಲ್ಲ, ಚಕ್ರದ ಒಳಗೇ ಇದ್ದ ಕಟ್ಟಳೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಆ ಕಟ್ಟಳೆಯನ್ನು ಬಿಡಿಸಿ ಹೇಳುತ್ತಾರೆ: ಸ್ವಗೋತ್ರದವನ ಮೇಲೆ ಚಕ್ರ ನಡೆಯದು, ಚರಮಶರೀರಿಯ ಮೇಲಂತೂ ಸರ್ವಥಾ ನಡೆಯದು. ಅವರ ತ್ರಿಷಷ್ಟಿಶಲಾಕಾಪುರುಷಚರಿತದ ಬಾಹುಬಲಿಗೆ ಚಕ್ರವನ್ನೂ ಅದರ ಸಾವಿರ ಯಕ್ಷರನ್ನೂ ಅನ್ಯಾಯಕ್ಕಿಳಿದ ಒಡೆಯನನ್ನೂ ಒಂದೇ ಗುದ್ದಿನಿಂದ ಮುಗಿಸುವ ಆಲೋಚನೆ ಬರುತ್ತದೆ. ಅನ್ಯಾಯದಲ್ಲಿ ಕಾವಲುಗಾರರ ಪಾಲನ್ನೂ ಲೆಕ್ಕಕ್ಕೆ ಹಿಡಿದ ಮಾತು ಇದು. ಆದರೆ ಎತ್ತಿದ ಆ ಮುಷ್ಟಿ ಕೊನೆಗೆ ತನ್ನ ತಲೆಗೂದಲನ್ನೇ ಕಿತ್ತು ಕೇಶಲೋಚಕ್ಕೆ ತಿರುಗುತ್ತದೆ.

ಈ ಕಥೆಯನ್ನು ಕೇವಲ ಪುರಾಣವೆಂದು ಬದಿಗಿಡುವವರು ಜಿನಸೇನರ ಕಾಲವನ್ನು ಒಮ್ಮೆ ನೋಡಬೇಕು. ಅವರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು; ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿದ್ದು 837ರಲ್ಲಿ. ಅಮೋಘವರ್ಷನ ಅಜ್ಜ ಧ್ರುವನು ಅಣ್ಣ ಇಮ್ಮಡಿ ಗೋವಿಂದನನ್ನು ಕೆಳಗಿಳಿಸಿ ಪಟ್ಟವೇರಿದವನು. ತಂದೆ ಮುಮ್ಮಡಿ ಗೋವಿಂದನ ಮೇಲೆ ಅವನ ಅಣ್ಣ ಸ್ತಂಭನೇ ಹಲವು ಅರಸರನ್ನು ಕೂಡಿಕೊಂಡು ತಿರುಗಿಬಿದ್ದನು. ಸೋತ ಅಣ್ಣನನ್ನು ಗೋವಿಂದನು ಕೊಲ್ಲದೆ ಗಂಗವಾಡಿಯ ಆಡಳಿತಕ್ಕೆ ಮರಳಿ ನೇಮಿಸಿದನು. ಎರಡು ತಲೆಮಾರು ಅಣ್ಣತಮ್ಮಂದಿರ ಕಾಳಗ ಕಂಡ ಮನೆತನದ ನೆರಳಿನಲ್ಲಿ ಕುಳಿತು ಜಿನಸೇನರು ಚಕ್ರದ ಈ ಪ್ರಸಂಗವನ್ನು ಬರೆದರು. ಅವರು ಅದನ್ನೇ ಮನಸ್ಸಿನಲ್ಲಿಟ್ಟು ಬರೆದರೆಂದು ಸಾಧಿಸುವ ಅಗತ್ಯವಿಲ್ಲ. ಕೇಳಿದವರಿಗೆ ಅದು ನೆನಪಾಗದಿರುವುದು ಕಷ್ಟವಾಗಿತ್ತು ಎಂದರೆ ಸಾಕು. ಪಂಪನೂ ಇದೇ ರಾಷ್ಟ್ರಕೂಟರ ಸಾಮಂತನಾದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದವನು, ಕವಿಯೂ ಕಲಿಯೂ ಆದವನು. ಆಯುಧದ ಬೆಲೆ ಅವನಿಗೆ ಪುಸ್ತಕದಿಂದ ತಿಳಿದುದಲ್ಲ. ಚಕ್ರ ಸೋತ ಗಳಿಗೆಯಲ್ಲಿ ಅವನ ಬಾಹುಬಲಿ ಗೆದ್ದವನ ಹೆಮ್ಮೆಯಿಂದಲ್ಲ, ಅಣ್ಣನ ಮುಖಕ್ಕೆ ಮಸಿ ಹಿಡಿಯಿತಲ್ಲಾ ಎಂಬ ನಾಚಿಕೆಯಿಂದ ರಾಜ್ಯವನ್ನು ಬಿಡುತ್ತಾನೆ.

ಹದಿನಾರನೆಯ ಶತಮಾನದ ರತ್ನಾಕರವರ್ಣಿಗೆ ಈ ಕಥೆ ನುಂಗಲಾರದ ತುತ್ತಾಯಿತು. ಭರತೇಶವೈಭವದಲ್ಲಿ ಭರತನು ಯೋಗಿ, ಭೋಗಿ ಎರಡೂ ಆದವನು. ಅಂಥವನು ತಮ್ಮನನ್ನು ಕೊಲ್ಲಲು ಚಕ್ರ ಎಸೆದಾನೇ? ಕವಿ ಮೂರು ಯುದ್ಧಗಳನ್ನೂ ಕೈಬಿಟ್ಟು ಅಣ್ಣನ ಮೃದುನುಡಿಯಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಚಕ್ರವನ್ನು ಕೊಲ್ಲಲೆಂದಲ್ಲ, ತಮ್ಮನ ಸೇವೆಗೆಂದು ಕಳಿಸಿದಂತೆ ತಿದ್ದುತ್ತಾನೆ. ಭರತನು ಉಳಿದ, ನಿಜ. ಆದರೆ ಒಳ್ಳೆಯವನ ಕೈಗೂ ಆ ಆಯುಧ ಅಪಾಯವೇ ಎಂಬ ಹಳೆಯ ಪುರಾಣದ ಕಹಿ ಅಲ್ಲಿ ಕರಗಿಹೋಯಿತು. ಕಾವ್ಯವಾಗಿ ಎಷ್ಟೇ ಸೊಗಸಾಗಿದ್ದರೂ ಈ ಒಂದು ಎಡೆಯಲ್ಲಿ ಪಂಪನೇ ಹೆಚ್ಚು ಧೈರ್ಯಶಾಲಿ.

ಪ್ರತಿವಾಸುದೇವರ ಚಕ್ರ ಇನ್ನೂ ನಿರ್ದಯವಾದುದು. ರಾವಣನು ಲಕ್ಷ್ಮಣನ ಮೇಲೆ, ಜರಾಸಂಧನು ಕೃಷ್ಣನ ಮೇಲೆ ಎಸೆದ ಚಕ್ರ ಎದುರಾಳಿಗೆ ಪ್ರದಕ್ಷಿಣೆ ಬಂದು ಅವನ ಕೈಸೇರಿ, ಎಸೆದವನನ್ನೇ ಕೊಲ್ಲುತ್ತದೆ. ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣನು ಗೆದ್ದ ಮೇಲೆ ಸೀತೆಯನ್ನು ಒಪ್ಪಿಸುವೆನೆಂದು ಮನದಲ್ಲೇ ನಿಶ್ಚಯಿಸಿದ್ದವನು. ಚಕ್ರ ಆ ಪಶ್ಚಾತ್ತಾಪವನ್ನು ವಿಚಾರಿಸಲಿಲ್ಲ.

ಕಾವಲುಗಾರರ ಕಥೆಯ ಕೊನೆ ಸುಭೌಮ ಚಕ್ರವರ್ತಿಯದು. ಅವನ ಚಕ್ರ ಹುಟ್ಟಿದ್ದೇ ಊಟದ ತಟ್ಟೆಯಿಂದ; ಅದರಿಂದಲೇ ಪರಶುರಾಮನು ಹತನಾದನು. ಆರು ಖಂಡಗಳನ್ನು ಗೆದ್ದೂ ತೃಪ್ತನಾಗದೆ ಅವನು ಲವಣಸಮುದ್ರವನ್ನು ದಾಟಿ ಧಾತಕೀಖಂಡವನ್ನು ಗೆಲ್ಲಲು ಹೊರಟನೆಂದು ಶ್ವೇತಾಂಬರ ಕಥಾಪರಂಪರೆ ಹೇಳುತ್ತದೆ. ಚರ್ಮರತ್ನವನ್ನು ಸಾವಿರ ದೇವತೆಗಳು ನೀರಿನ ಮೇಲೆ ಹೊತ್ತಿದ್ದರು. ನಾನೊಬ್ಬ ಕೈಬಿಟ್ಟರೇನು, ಉಳಿದವರು ಹಿಡಿದಿರುತ್ತಾರಲ್ಲ ಎಂದು ಒಬ್ಬ ಎಣಿಸಿದ. ಅದೇ ಗಳಿಗೆಯಲ್ಲಿ ಸಾವಿರ ಮಂದಿಯೂ ಹಾಗೆಯೇ ಎಣಿಸಿದರು. ಪುಣ್ಯಕ್ಷಯವೆಂಬ ತತ್ತ್ವವನ್ನು ಇಷ್ಟು ಮನೆಮಾತಿನಲ್ಲಿ, ಇಷ್ಟು ಕಠೋರವಾಗಿ ಹೇಳಿದ ಕಥೆ ಅಪರೂಪ.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನ ಮೈಗೆ ಮಾಧವೀಲತೆ ಹಬ್ಬಿದೆ, ಕಾಲ ಬಳಿ ಹುತ್ತಗಳಿವೆ, ಹುತ್ತದಿಂದ ಹಾವುಗಳು ಇಣುಕುತ್ತವೆ. ಚಾವುಂಡರಾಯನು 978ರಲ್ಲಿ ಇದೇ ಶಲಾಕಾಪುರುಷರ ಕಥೆಗಳನ್ನು ಕನ್ನಡ ಗದ್ಯದಲ್ಲಿ ಬರೆದವನು. ಚಕ್ರದ ಪ್ರಸಂಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೂರ್ತಿಯ ಬಳಿ ಚಕ್ರವಿಲ್ಲ. ಇಕ್ಕೆಲದಲ್ಲಿ, ತುಸು ಮುಂದಕ್ಕೆ, ಆಳೆತ್ತರದ ಯಕ್ಷನೂ ಯಕ್ಷಿಯೂ ನಿಂತಿದ್ದಾರೆ. ಅವರ ಕೈಯಲ್ಲಿರುವುದು ಚಾಮರ.