ಮೈಸೂರಿನಲ್ಲಿ ಬಿ.ಎ. ಇತಿಹಾಸ: ಪಠ್ಯಪುಸ್ತಕವೂ ಶಾಸನವೂ

ಇಂದಿನ ಕರ್ನಾಟಕಕ್ಕೆ ಸೇರಿದ ಪ್ರದೇಶಗಳಲ್ಲಿ ಇತಿಹಾಸವು ಪದವಿ ತರಗತಿಯ ಅಧ್ಯಯನ ವಿಷಯವಾಗಿ ಬಂದದ್ದು 1857ರಲ್ಲಿ ಕಲ್ಕತ್ತ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಗಳ ಪರೀಕ್ಷಾ ನಿಯಮಾವಳಿಯ ಮೂಲಕ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ರೂಪುಗೊಂಡ ಈ ಮೂರು ಸಂಸ್ಥೆಗಳು ಆರಂಭದಲ್ಲಿ ಸ್ವತಃ ಪಾಠ ಹೇಳುತ್ತಿರಲಿಲ್ಲ. ಪಠ್ಯಕ್ರಮ ಗೊತ್ತುಪಡಿಸುವುದು, ಪ್ರಶ್ನಪತ್ರಿಕೆ ತಯಾರಿಸುವುದು, ಪದವಿ ಕೊಡುವುದು ಇವಿಷ್ಟೇ ಅವುಗಳ ಕೆಲಸವಾಗಿತ್ತು, ಬೋಧನೆಯ ಹೊಣೆ ದೂರದೂರುಗಳಲ್ಲಿ ಅವುಗಳಿಗೆ ಸೇರಿಕೊಂಡಿದ್ದ ಸಂಯೋಜಿತ ಕಾಲೇಜುಗಳ ಮೇಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಶಾಲೆಯಿಂದ ಬೆಳೆದ ಮೈಸೂರಿನ ಮಹಾರಾಜ ಕಾಲೇಜೂ, 1858ರಲ್ಲಿ ಹೈಸ್ಕೂಲಾಗಿ ಆರಂಭವಾದ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಈ ರೀತಿಯಲ್ಲಿ ಮದರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ವಿದ್ಯಾರ್ಥಿಗಳು ಬೊಂಬಾಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರುತ್ತಿದ್ದರು. ಹೀಗಾಗಿ ಮೈಸೂರಿನ ಅಧ್ಯಾಪಕರು ಏನನ್ನು ಕಲಿಸಬೇಕೆಂಬುದು ಮದರಾಸಿನಲ್ಲಿ ತೀರ್ಮಾನವಾಗುತ್ತಿತ್ತು, ಅಲ್ಲಿನ ತೀರ್ಮಾನಗಳಿಗೆ ಆದರ್ಶ ಇಂಗ್ಲೆಂಡಿನಲ್ಲಿತ್ತು.

ಆ ಕಾಲದ ಬಿ.ಎ. ವಿದ್ಯಾರ್ಥಿ ಇತಿಹಾಸವೆಂದು ಓದುತ್ತಿದ್ದದ್ದು ಬಹುಮಟ್ಟಿಗೆ ಇಂಗ್ಲೆಂಡಿನ ರಾಜ್ಯಾಂಗ ಬೆಳೆದುಬಂದ ಕಥೆಯನ್ನು, ಅದರ ಜೊತೆಗೆ ಯುರೋಪಿನ ಮತ್ತು ಪ್ರಾಚೀನ ಗ್ರೀಸ್–ರೋಮುಗಳ ಚರಿತ್ರೆಯನ್ನು. ಭಾರತದ ಚರಿತ್ರೆ ಪಠ್ಯದಲ್ಲಿದ್ದರೂ ಅದು ಎಲ್ಫಿನ್‌ಸ್ಟನ್‌ನ 1841ರ ಗ್ರಂಥದಂಥ, ಆಮೇಲೆ ವಿನ್ಸೆಂಟ್ ಸ್ಮಿತ್‌ನ 1904ರ ಗ್ರಂಥದಂಥ ಪುಸ್ತಕಗಳ ಮೂಲಕ ಬರುತ್ತಿತ್ತು. ಇವು ಗಂಗಾ ಬಯಲಿನ ಸಾಮ್ರಾಜ್ಯಗಳನ್ನು ನಡುವೆ ನಿಲ್ಲಿಸಿ ದಕ್ಷಿಣವನ್ನು ಕೊನೆಯ ಅಧ್ಯಾಯಗಳಿಗೆ ಸರಿಸಿದ್ದವು. ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಎಂಬ ಹೆಸರುಗಳು ಪರೀಕ್ಷೆಯಲ್ಲಿ ಕಾಣಿಸಿದರೂ ಅವು ನೆನಪಿಟ್ಟುಕೊಳ್ಳಬೇಕಾದ ವಂಶಾವಳಿಗಳಾಗಿದ್ದವೇ ಹೊರತು ವಿಚಾರಿಸಿ ತಿಳಿಯಬೇಕಾದ ಸಂಗತಿಗಳಾಗಿರಲಿಲ್ಲ.

ಈ ಪಠ್ಯಕ್ರಮ ಜಾರಿಯಲ್ಲಿದ್ದ ದಶಕಗಳಲ್ಲೇ ಕಾಲೇಜಿನ ಗೋಡೆಯಾಚೆ ನಡೆಯುತ್ತಿದ್ದ ಕೆಲಸವನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ಆ ಶಿಕ್ಷಣದ ಸ್ವರೂಪ ಸ್ಪಷ್ಟವಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪುರಾತತ್ವ ಇಲಾಖೆ ಆರಂಭವಾಯಿತು, ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಪುಟಗಳ ಮೊದಲನೆಯದು, ಕೊಡಗಿನ ಶಾಸನಗಳದ್ದು, 1886ರಲ್ಲಿ ಪ್ರಕಟವಾಗಿ, ಮುಂದಿನ ಎರಡು ದಶಕಗಳೊಳಗೆ ಹನ್ನೆರಡು ಸಂಪುಟಗಳಲ್ಲಿ 8,800ಕ್ಕೂ ಹೆಚ್ಚು ಶಾಸನಗಳು ಅಚ್ಚಾದವು. ಬೊಂಬಾಯಿ ಕರ್ನಾಟಕದಲ್ಲಿ ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲೇ ಶಾಸನಗಳ ಆಧಾರದಿಂದ ಬರೆದಿದ್ದನು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗ್ರಂಥಲಿಪಿಯ ಓಲೆಗರಿಯೊಂದರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಬಗ್ಗೆ ಲೋಕದ ವಿದ್ವಾಂಸರು ತಮ್ಮ ಅಭಿಪ್ರಾಯಗಳನ್ನು ತಿದ್ದಿಕೊಳ್ಳುವಂತೆ ಮಾಡಿದ ಆ ಕೃತಿ ಹೊರಬಂದ ಕಟ್ಟಡಕ್ಕೂ ಮಹಾರಾಜ ಕಾಲೇಜಿಗೂ ನಡುವಣ ದೂರವನ್ನು ಕೆಲವೇ ನಿಮಿಷಗಳಲ್ಲಿ ನಡೆದು ಮುಗಿಸಬಹುದು. ಆದರೂ ಆ ಕಾಲೇಜಿನ ಇತಿಹಾಸ ವಿದ್ಯಾರ್ಥಿಯ ಪರೀಕ್ಷೆಗೆ ಓಲೆಗರಿಯ ಅಗತ್ಯ ಬೀಳಲಿಲ್ಲ, ಶಾಸನದ ಅಗತ್ಯವೂ ಬೀಳಲಿಲ್ಲ. ರೈಸ್‌ನ ಸಂಪುಟಗಳಲ್ಲಿ ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅನುವಾದಗಳ ಜೊತೆಗೆ ಶಾಸನ ಪಾಠವು ಕನ್ನಡ ಲಿಪಿಯಲ್ಲೂ ಅಚ್ಚಾಗಿತ್ತೆಂಬುದನ್ನು ನೆನೆದರೆ, ಅಡ್ಡಿಯಾಗಿದ್ದುದು ಭಾಷೆಯೂ ಅಲ್ಲ, ಪುಸ್ತಕದ ಅಭಾವವೂ ಅಲ್ಲ, ಪದವಿ ಪರೀಕ್ಷೆಯ ಕಲ್ಪನೆಯೇ ಎಂಬುದು ಖಚಿತವಾಗುತ್ತದೆ.

ಈ ಕಲ್ಪನೆ ಹುಟ್ಟಿದ ಇಂಗ್ಲೆಂಡಿನಲ್ಲೂ ಇದು ವಾದವಿಲ್ಲದೆ ಒಪ್ಪಿತವಾದದ್ದಲ್ಲ. ಆಕ್ಸ್‌ಫರ್ಡಿನಲ್ಲಿ ಇತಿಹಾಸವು ನ್ಯಾಯಶಾಸ್ತ್ರದ ಜೊತೆ ಬಿಟ್ಟು ಸ್ವತಂತ್ರ ಪದವಿ ವಿಷಯವಾದದ್ದು 1872ರಲ್ಲಿ. ವಿಲಿಯಂ ಸ್ಟಬ್ಸ್ ಎಂಬ ಪ್ರಾಧ್ಯಾಪಕನು ಮಧ್ಯಯುಗದ ಇಂಗ್ಲೆಂಡಿನ ರಾಜಶಾಸನಗಳನ್ನೂ ಇತರ ದಾಖಲೆಗಳನ್ನೂ ವಿದ್ಯಾರ್ಥಿಗಳಿಗಾಗಿಯೇ ಸಂಕಲಿಸಿ 1870ರಲ್ಲಿ ಪ್ರಕಟಿಸಿದ್ದನು. ಆದರೆ ಪದವಿಯ ಗುರಿ ಆಡಳಿತಗಾರರನ್ನೂ ಸಾರ್ವಜನಿಕ ಜೀವನಕ್ಕೆ ಬೇಕಾದವರನ್ನೂ ತಯಾರಿಸುವುದೋ, ದಾಖಲೆಗಳನ್ನು ಓದಿ ತೂಗಿ ನೋಡಬಲ್ಲ ಇತಿಹಾಸಕಾರರನ್ನು ತಯಾರಿಸುವುದೋ ಎಂಬ ಪ್ರಶ್ನೆ ಬಗೆಹರಿಯಲಿಲ್ಲ. 1904ರಲ್ಲಿ ಪ್ರಾಧ್ಯಾಪಕ ಸಿ. ಎಚ್. ಫರ್ತ್ ತನ್ನ ಪ್ರಾರಂಭೋಪನ್ಯಾಸದಲ್ಲಿ, ಅಲ್ಲಿನ ಪದವಿ ಶಿಕ್ಷಣವು ಸಂಶೋಧನೆಯ ತರಬೇತಿಯನ್ನೇ ಕೊಡುತ್ತಿಲ್ಲವೆಂದು ನೇರವಾಗಿ ಆಕ್ಷೇಪಿಸಿದಾಗ ಕಾಲೇಜುಗಳ ಬೋಧಕರು ಒಟ್ಟಾಗಿ ಪ್ರತಿಭಟಿಸಿದರು. ಭಾರತಕ್ಕೆ ಬಂದದ್ದು ಈ ವಾದದ ಒಂದು ಪಕ್ಷ ಮಾತ್ರ. ಸರ್ಕಾರಿ ನೌಕರಿಗೆ ಬೇಕಾದ ಸಾಮಾನ್ಯ ಜ್ಞಾನ, ವಿವರಗಳನ್ನು ಕ್ರಮವಾಗಿ ಬರೆಯುವ ಸಾಮರ್ಥ್ಯ, ಇಂಗ್ಲಿಷಿನ ಹಿಡಿತ ಇವು ಪದವೀಧರನಲ್ಲಿ ಇರಬೇಕಾದ ಗುಣಗಳೆನಿಸಿದವು. ದಾಖಲೆಯ ಮುಂದೆ ಕುಳಿತು ಅದನ್ನು ಪ್ರಶ್ನಿಸುವ ಅಭ್ಯಾಸ ಹಡಗು ಹತ್ತಲೇ ಇಲ್ಲ.

1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ನಿಜವಾದ ಮಹತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಅದು ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವೆಂಬ ಹೆಮ್ಮೆಯ ಮಾತು ಪದೇಪದೇ ಕೇಳಿಬರುತ್ತದೆ. ಇತಿಹಾಸ ಬೋಧನೆಯ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಪಾಠ ಹೇಳುವವರೇ ಪಠ್ಯಕ್ರಮವನ್ನೂ ರೂಪಿಸಬಹುದಾದ ಅವಕಾಶ ಇಲ್ಲಿ ಮೊದಲ ಬಾರಿಗೆ ದೊರೆಯಿತು. ಮದರಾಸಿನ ವ್ಯವಸ್ಥೆಯಲ್ಲಿ ಎರಡು ವರ್ಷ ಇಂಟರ್‌ಮೀಡಿಯೆಟ್, ಎರಡು ವರ್ಷ ಬಿ.ಎ. ಎಂದು ಹಂಚಿಹೋಗಿದ್ದ ಅವಧಿಯನ್ನು ಬದಲಿಸಿ, ಆಯ್ದ ಹೈಸ್ಕೂಲುಗಳಲ್ಲಿ ಒಂದು ವರ್ಷದ ಪ್ರವೇಶ ತರಗತಿ, ಆಮೇಲೆ ಕಾಲೇಜಿನಲ್ಲಿ ಮೂರು ವರ್ಷಗಳ ಪದವಿ ಎಂಬ ಕ್ರಮವನ್ನು ಮೈಸೂರು ತಂದಿತು. ಅಂಥ ಪ್ರವೇಶ ತರಗತಿಯಿದ್ದ ಶಾಲೆಗಳಿಗೆ ಕೊಲಿಜಿಯೇಟ್ ಹೈಸ್ಕೂಲು ಎಂಬ ಹೆಸರು ಬಂತು. ಇದರಿಂದಾಗಿ ಇತಿಹಾಸದ ಐಚ್ಛಿಕ ಅಧ್ಯಯನಕ್ಕೆ, ಎಂದರೆ ವಿದ್ಯಾರ್ಥಿ ತಾನಾಗಿ ಆರಿಸಿಕೊಂಡು ಆಳವಾಗಿ ಓದಬೇಕಾದ ವಿಷಯಕ್ಕೆ, ಕಾಲೇಜಿನಲ್ಲೇ ಮೂರು ವರ್ಷಗಳ ಕಾಲಾವಕಾಶ ಸಿಕ್ಕಿತು.

ಹೊಸ ವಿಶ್ವವಿದ್ಯಾನಿಲಯದ ಮೊದಲ ಇತಿಹಾಸ ಪ್ರಾಧ್ಯಾಪಕರಾಗಿ ಬಂದವರು ರಾಧಾಕುಮುದ ಮುಖರ್ಜಿ. ಅವರು ಮೈಸೂರಿನಲ್ಲಿದ್ದಾಗ, 1919ರಲ್ಲಿ, ಪ್ರಾಚೀನ ಭಾರತದ ಸ್ಥಳೀಯ ಆಡಳಿತವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಗ್ರಾಮಸಭೆ, ವೃತ್ತಿಸಂಘ, ದೇವಾಲಯಗಳ ಆಡಳಿತವನ್ನು ವಿವರಿಸಲು ಅವರು ದಕ್ಷಿಣದ ಶಾಸನಗಳನ್ನು ಧಾರಾಳವಾಗಿ ಬಳಸಿಕೊಂಡರು. ಎಸ್. ರಾಧಾಕೃಷ್ಣನ್ ಅವರು ತತ್ವಶಾಸ್ತ್ರ ಬೋಧಿಸುತ್ತಿದ್ದುದೂ ಇದೇ ವರ್ಷಗಳಲ್ಲಿ, ಮಹಾರಾಜ ಕಾಲೇಜಿನಲ್ಲಿ. ಇಬ್ಬರೂ 1921ರಲ್ಲಿ ಮೈಸೂರು ಬಿಟ್ಟರು.

ಪಾಠಕ್ಕೂ ಶಾಸನಕ್ಕೂ ನಡುವಣ ಅಂತರವನ್ನು ತಮ್ಮ ವ್ಯಕ್ತಿತ್ವದಲ್ಲೇ ಅಳಿಸಿದವರು ಎಂ. ಎಚ್. ಕೃಷ್ಣ. ಮೈಸೂರಿನ ಇತಿಹಾಸ ಪ್ರಾಧ್ಯಾಪಕರಾಗಿದ್ದ ಅವರು ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು, ಇಲಾಖೆಯ ವಾರ್ಷಿಕ ವರದಿಗಳು ಆ ಕಾಲದಲ್ಲಿ ವಿಶ್ವವಿದ್ಯಾನಿಲಯದ ಹೆಸರಿನಲ್ಲೇ ಪ್ರಕಟವಾಗುತ್ತಿದ್ದವು. ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅವರು ನಡೆಸಿದ ಉತ್ಖನನಗಳು 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ನೆಲೆಗಳಲ್ಲಿ ಕೈಗೊಂಡ ಪ್ರಸಿದ್ಧ ಉತ್ಖನನಕ್ಕೆ ದಾರಿ ಮಾಡಿಕೊಟ್ಟವು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ವಿದ್ವಲ್ಲೋಕಕ್ಕೆ ಪರಿಚಯಿಸಿದವರೂ ಅವರೇ. ಹದಿನಾರು ಸಾಲುಗಳ ಆ ಕಲ್ಲು ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ಭೂದಾನವನ್ನು ಹೇಳುತ್ತದೆ, ಕ್ರಿ.ಶ. 450ರ ಸುಮಾರಿನದೆಂದು ಅದಕ್ಕೆ ಹೇಳಲಾಗುವ ಕಾಲ ಅದರಲ್ಲೆಲ್ಲೂ ಬರೆದಿಲ್ಲ. ಅಕ್ಷರಗಳ ರೂಪ, ಅದರಲ್ಲಿ ಬರುವ ಕದಂಬ ಕಾಕುತ್ಸ್ಥನ ಹೆಸರು, ಸಂಸ್ಕೃತದಿಂದ ತುಂಬಿದ ಭಾಷೆಯ ಮಾದರಿ ಇವನ್ನು ಒಂದಕ್ಕೊಂದು ತಾಳೆ ನೋಡಿ ಆ ಕಾಲವನ್ನು ಊಹಿಸಬೇಕಾಗುತ್ತದೆ, ಆದ್ದರಿಂದಲೇ ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಇಂಥ ಶಾಸನವನ್ನು ಓದುವ ಮೊದಲು ಅದರ ಪಡಿಯಚ್ಚು ತೆಗೆಯುತ್ತಾರೆ: ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಗಡುಸಾದ ಕುಂಚದಿಂದ ಕಾಗದವು ಅಕ್ಷರದ ಗುಳಿಗಳಿಗೆ ಇಳಿಯುವಂತೆ ಬಡಿದು, ಆಮೇಲೆ ಮಸಿ ಹಚ್ಚಿದ ಮೆತ್ತೆಯಿಂದ ಒತ್ತಿದರೆ, ಕಲ್ಲಿನ ಸಮತಲವೆಲ್ಲ ಕಪ್ಪಾಗಿ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಸವೆದ ಕಡೆ ಅದು ಅಕ್ಷರವೋ ಕಲ್ಲಿನ ಬಿರುಕೋ ಎಂದು ತೀರ್ಮಾನಿಸುವ ಹೊಣೆ ಓದುವವನದು. ಗತಕಾಲದ ಬಗ್ಗೆ ಖಚಿತವಾಗಿ ಎಷ್ಟನ್ನು ಹೇಳಬಹುದು, ಎಲ್ಲಿ ಹೇಳಿಕೆಯನ್ನು ನಿಲ್ಲಿಸಬೇಕು ಎಂಬ ವಿವೇಕ ಒಂದು ಪಡಿಯಚ್ಚಿನ ಮುಂದೆ ಒಂದು ಗಂಟೆ ಕುಳಿತರೆ ಮೂಡುವಷ್ಟು ಸ್ಪಷ್ಟವಾಗಿ ಹತ್ತು ಪಠ್ಯಪುಸ್ತಕಗಳನ್ನು ಓದಿದರೂ ಮೂಡುವುದಿಲ್ಲ.

ಆದರೆ ಬಿ.ಎ. ತರಗತಿಯ ಬಹುಪಾಲು ವಿದ್ಯಾರ್ಥಿಗಳ ದಿನಚರಿ ಹೇಗಿತ್ತೆಂಬುದಕ್ಕೆ ಸಾಹಿತ್ಯದಲ್ಲಿ ಒಂದು ಸಾಕ್ಷ್ಯವಿದೆ. ಮಹಾರಾಜ ಕಾಲೇಜಿನಲ್ಲಿ ಓದಿ 1930ರಲ್ಲಿ ಪದವೀಧರರಾದ ಆರ್. ಕೆ. ನಾರಾಯಣ್, 1937ರಲ್ಲಿ ಪ್ರಕಟವಾದ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ ಕಾದಂಬರಿಯ ನಾಯಕ ಚಂದ್ರನ್‌ನನ್ನು ಇತಿಹಾಸದ ವಿದ್ಯಾರ್ಥಿಯನ್ನಾಗಿಯೇ ಚಿತ್ರಿಸಿದ್ದಾರೆ. ಅವನ ಕಾಲೇಜಿನಲ್ಲಿ ಇತಿಹಾಸಕಾರರ ಉಪಯುಕ್ತತೆಯನ್ನೇ ಪ್ರಶ್ನಿಸುವ ಚರ್ಚಾಸ್ಪರ್ಧೆ ನಡೆಯುತ್ತದೆ, ಇತಿಹಾಸ ಸಂಘವೊಂದು ಸ್ಥಾಪನೆಯಾಗಿ ಚಂದ್ರನ್ ಅದರ ಕಾರ್ಯದರ್ಶಿಯಾಗುತ್ತಾನೆ, ಪರೀಕ್ಷೆ ಹತ್ತಿರವಾದಂತೆ ಅವನು ಗಂಟೆಗಳ ಲೆಕ್ಕದಲ್ಲಿ ಓದಿನ ವೇಳಾಪಟ್ಟಿ ಹಾಕಿಕೊಳ್ಳುತ್ತಾನೆ. ಕಾದಂಬರಿಯನ್ನು ದಾಖಲೆಯಂತೆ ಓದುವಾಗ ಎಚ್ಚರ ಬೇಕಾದರೂ, ಇತಿಹಾಸದ ಬಗೆಗಿನ ನಿಜವಾದ ಆಸಕ್ತಿ ಸಂಘದ ಸಭೆಗಳಲ್ಲಿ, ಪ್ರಬಂಧ ಮಂಡನೆಯಲ್ಲಿ, ಬ್ರಿಟಿಷ್ ಆಳ್ವಿಕೆಯ ಬಗ್ಗೆ ಗೆಳೆಯರು ನಡೆಸುವ ಬಿಸಿ ವಾದಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು, ಪರೀಕ್ಷೆಯ ಸಿದ್ಧತೆ ಮಾತ್ರ ಬೇರೆಯೇ ಜಾಡಿನಲ್ಲಿ ನಡೆಯುತ್ತಿತ್ತು ಎಂಬ ಚಿತ್ರ ನಂಬಲರ್ಹವಾಗಿದೆ.

ಉತ್ತರ ಕರ್ನಾಟಕದಲ್ಲಿ ಸಂಶೋಧನೆಯ ಉತ್ಸಾಹ ಕಾಲೇಜಿಗಿಂತ ಮೊದಲೇ ಸಾರ್ವಜನಿಕರಲ್ಲಿ ಹುಟ್ಟಿತು. ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ 1914ರಲ್ಲಿ ಆರಂಭವಾಯಿತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾದ 1917ರಲ್ಲೇ ಕರ್ನಾಟಕ ಕಾಲೇಜೂ ತೆರೆಯಿತು. ನಾಡಿನ ಏಕೀಕರಣದ ಹಂಬಲದಿಂದ ಬರೆದ ಆ ಪುಸ್ತಕ ಪರೀಕ್ಷೆಗೆ ಬೇಕಾದದ್ದಾಗಿರಲಿಲ್ಲ, ಆದರೆ ತಮ್ಮ ಊರಿನ ಗುಡಿಯ ಮುಂದೆ ನಿಂತ ಕಲ್ಲಿಗೂ ಇತಿಹಾಸಕ್ಕೂ ಸಂಬಂಧವಿದೆಯೆಂಬುದನ್ನು ಅದು ಓದುಗರಿಗೆ ಮನಗಾಣಿಸಿತು. ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸ್ಪೇನ್ ದೇಶದ ಪಾದ್ರಿ ಹೆನ್ರಿ ಹೆರಾಸ್ 1926ರಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿ, ವಿಜಯನಗರದ ಅರವೀಡು ವಂಶವನ್ನು ಕುರಿತು ಮರುವರ್ಷ ಗ್ರಂಥ ಬರೆದರು. ಅವರ ಬಳಿ ಕಲಿತ ಜಿ. ಎಂ. ಮೊರಾಯಿಸ್ ಅವರ ‘ಕದಂಬ ಕುಲ’ 1931ರಲ್ಲಿ ಹೊರಬಂತು. ಇದಕ್ಕೆ ತೀರ ಭಿನ್ನವಾದ ಅನುಭವ ಕಲಬುರಗಿ, ಬೀದರ, ರಾಯಚೂರು ಕಡೆಯವರದು: ನಿಜಾಮನ ಆಳ್ವಿಕೆಯಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಅಲ್ಲಿಗೆ ಹೋದ ಕನ್ನಡ ವಿದ್ಯಾರ್ಥಿಗಳು ಮಸ್ಕಿಯ ಅಶೋಕನನ್ನೂ ಬೀದರದ ಬಹಮನಿಗಳನ್ನೂ ಉರ್ದುವಿನಲ್ಲಿ ಓದಿದರು.

ಸ್ವಾತಂತ್ರ್ಯಾನಂತರ ಮೈಸೂರಿನಲ್ಲಿ ಕುವೆಂಪು ಅವರು 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದಾಗ ಕನ್ನಡ ಮಾಧ್ಯಮಕ್ಕೂ ಪ್ರಸಾರಾಂಗದ ಪ್ರಕಟಣೆಗಳಿಗೂ ಬಲ ಬಂದಿತು. ಮುಂದಿನ ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲೂ ಕಾಲೇಜುಗಳು ತೆರೆದು, ಮನೆತನದಲ್ಲೇ ಮೊದಲು ಪದವಿಗೆ ಬಂದವರು ಕನ್ನಡದಲ್ಲಿ ಇತಿಹಾಸ ಓದಿ ಕನ್ನಡದಲ್ಲಿ ಉತ್ತರ ಬರೆದರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್‌ಇಪಿ ಎಂಬ ಜೋಡಣೆ ಹಳ್ಳಿಗಾಡಿನ ಮನೆಗಳಲ್ಲೂ ಪರಿಚಿತವಾಯಿತು. ಈ ಶಿಕ್ಷಣದ ಸಾಮಾಜಿಕ ಫಲವನ್ನು ಹಗುರವಾಗಿ ಕಾಣುವುದು ಅನ್ಯಾಯ. ನಾಡಿನ ಅಧ್ಯಾಪಕರು, ಅಧಿಕಾರಿಗಳು, ಪತ್ರಕರ್ತರಲ್ಲಿ ಅನೇಕರು ಈ ತರಗತಿಗಳಿಂದಲೇ ಬಂದರು. ಆದರೆ ಮಾಧ್ಯಮ ಬದಲಾದಾಗ ಪರೀಕ್ಷೆಯ ಕಲ್ಪನೆ ಬದಲಾಗಲಿಲ್ಲ. ಇಂಗ್ಲಿಷ್ ನೋಟ್ಸಿನ ಜಾಗಕ್ಕೆ ಕನ್ನಡ ಗೈಡು ಬಂತು. ಒಂದು ಸಾಮ್ರಾಜ್ಯದ ಏಳಿಗೆಗೆ ಕಾರಣಗಳು, ಅವನತಿಗೆ ಕಾರಣಗಳು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು.

ಶಾಸನಗಳ ಓದು ಈ ನಡುವೆ ಬೇರೆಡೆ ನೆಲೆ ಕಂಡುಕೊಂಡಿತು. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಳಿಂದ ಜನಜೀವನದ ಚರಿತ್ರೆಯನ್ನು ಕಟ್ಟಿದ ಈ ಮಹತ್ವದ ಕೃತಿ, ಬಂದದ್ದು ಕನ್ನಡ ವಿಭಾಗದ ಅಧ್ಯಯನದಿಂದ. ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು 1972ರಿಂದ ಹೊರತಂದದ್ದು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರಕ್ಕೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವನ್ನೇ ತೆರೆಯಿತು, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವು ಇತಿಹಾಸ ವಿಭಾಗದಿಂದ ಬೇರೆಯಾಗಿಯೇ ಬೆಳೆಯಿತು. ಈ ವಿಭಜನೆಯಿಂದ ಶಾಸನಶಾಸ್ತ್ರದಲ್ಲಿ ಪರಿಣತಿ ಹೆಚ್ಚಿತೆಂಬುದು ನಿಜ, ಆದರೆ ದಾಖಲೆಯನ್ನು ಕೈಯಲ್ಲಿ ಹಿಡಿಯುವುದು ಎಂ.ಎ. ನಂತರದ ಕೆಲಸವೆಂಬ ಭಾವನೆಯೂ ಅದರಿಂದಲೇ ಗಟ್ಟಿಯಾಯಿತು, ಬಿ.ಎ.ಗೆ ಓದು ಮುಗಿಸುವ ಬಹುಸಂಖ್ಯಾತರಿಗೆ ಆ ಬಾಗಿಲು ತೆರೆಯಲೇ ಇಲ್ಲ.

2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಜಾರಿಗೆ ತಂದ ಕರ್ನಾಟಕ, 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಚರ್ಚೆಯೆಲ್ಲ ಅವಧಿಯ ಸುತ್ತ, ವಿಷಯಗಳ ಜೋಡಣೆಯ ಸುತ್ತ ನಡೆಯಿತು. ಕಾಲೇಜು ಇರುವ ತಾಲ್ಲೂಕಿನ ಒಂದು ಶಾಸನವನ್ನಾದರೂ ಪ್ರತಿಯೊಬ್ಬ ಇತಿಹಾಸ ವಿದ್ಯಾರ್ಥಿ ಮೂಲದಲ್ಲಿ ಓದಿ, ಅದರಲ್ಲಿ ಬರುವ ಭೂಮಿಯ ಅಳತೆ, ತೆರಿಗೆ, ದಾನ ಕೊಟ್ಟವರ ಮತ್ತು ಪಡೆದವರ ಸ್ಥಾನಮಾನಗಳ ಬಗ್ಗೆ ಸ್ವಂತವಾಗಿ ಬರೆಯುವಂತೆ ಪರೀಕ್ಷೆಯನ್ನು ರೂಪಿಸಲು ನಾಲ್ಕನೆಯ ವರ್ಷವೇನೂ ಬೇಕಾಗಿಲ್ಲ. ರೈಸ್‌ನ ಸಂಪುಟಗಳು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲೇ ಜೋಡಣೆಯಾಗಿರುವುದರಿಂದ, ಹಳೆಯ ಮೈಸೂರಿನ ಕಾಲೇಜುಗಳ ಮಟ್ಟಿಗಂತೂ ಅಂಥ ಪಠ್ಯ ಒಂದು ಶತಮಾನಕ್ಕೂ ಹಿಂದಿನಿಂದ ಸಿದ್ಧವಾಗಿದೆ.