ಎರಡು ಚಕ್ರಗಳ ಜಗಳ ಬಿಡಿಸಿದ ಗಿಯರ್: ಡಿಫರೆನ್ಷಿಯಲ್ ಕಥೆ

ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಕೆಲಸ ಮಾಡ್ತಿರೋ ನಮ್ಮಲ್ಲಿ ಎಷ್ಟೋ ಜನರ ಊರಿನ ಮನೇಲಿ ಒಂದು ಹಳೇ ಜೀಪೋ ಅಂಬಾಸಿಡರೋ ಇನ್ನೂ ನಿಂತಿರುತ್ತೆ. ಅದರ ಹಿಂದಿನ ಆಕ್ಸಲ್ ಮಧ್ಯೆ ಕುಂಬಳಕಾಯಿ ಥರ ಉಬ್ಬಿರೋ ಭಾಗ ನೋಡಿರ್ತೀರಿ. ಅದರೊಳಗಿರೋ ಡಿಫರೆನ್ಷಿಯಲ್‌ನ ಇತಿಹಾಸವೇ ಇವತ್ತಿನ ವಿಷಯ.

ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎತ್ತಿನ ಗಾಡಿಗೆ ಇದು ಸಮಸ್ಯೆಯೇ ಅಲ್ಲ. ಎಳೆಯೋದು ಎತ್ತು, ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಎರಡೂ ಚಕ್ರಕ್ಕೆ ಒಂದೇ ಎಂಜಿನ್ನಿಂದ ಶಕ್ತಿ ಕೊಡಬೇಕು ಅಂದಾಗ ತೊಡಕು ಶುರು.

ಉತ್ತರ ಗಡಿಯಾರದವರ ಹತ್ತಿರ ಇತ್ತು. 1720ರಲ್ಲೇ ಇಂಗ್ಲೆಂಡಿನ ಜೋಸೆಫ್ ವಿಲಿಯಮ್ಸನ್ ಗಡಿಯಾರದಲ್ಲಿ ಡಿಫರೆನ್ಷಿಯಲ್ ಬಳಸಿದ್ದ. 1820ರ ದಶಕದ ಕೊನೆಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಉಗಿಗಾಡಿಗಾಗಿ ಇದರ ಪೇಟೆಂಟ್ ಪಡೆದ. ಆತನೂ ಗಡಿಯಾರದ ಕಸುಬಿನವನೇ! 1877ರಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಅದನ್ನು ಪೆಡಲ್ ತುಳಿಯೋ ಗಾಡಿಗೆ ತಂದ. ಅಪ್ಪ ಮಗ ಜೊತೆಯಾಗಿ ತುಳೀತಿದ್ದಾಗ ಮಗನ ಬಲ ಹೆಚ್ಚಾಗಿ ಗಾಡಿ ಪಕ್ಕಕ್ಕೆ ಎಳೆದು ಬಿತ್ತು, ಅಲ್ಲಿಂದ ಈ ಯೋಚನೆ ಹುಟ್ಟಿತು ಅಂತ ಒಂದು ಕಥೆ ಇದೆ. 1885ರ ಬೆಂಜ್ ಮೋಟಾರು ಗಾಡಿಯಲ್ಲೂ ಡಿಫರೆನ್ಷಿಯಲ್ ಇತ್ತು.

ತತ್ವ ಸಿಕ್ಕಿತು, ಹಲ್ಲು ಕತ್ತರಿಸೋದು ಕಷ್ಟವಾಯ್ತು. ಅಮೆರಿಕದ ರೋಚೆಸ್ಟರ್‌ನಲ್ಲಿ ವಿಲಿಯಂ ಗ್ಲೀಸನ್ 1874ರಲ್ಲಿ ಬೆವೆಲ್ ಗಿಯರ್ ಕತ್ತರಿಸೋ ಯಂತ್ರ ಮಾಡಿದ. ಅವನ ಕಂಪನಿಯ ಹೈಪಾಯ್ಡ್ ಗಿಯರನ್ನು 1926ರಲ್ಲಿ ಪ್ಯಾಕರ್ಡ್ ಕಾರಿಗೆ ಹಾಕಿದರು. ಇದರಲ್ಲಿ ಪಿನಿಯನ್ ಕ್ರೌನ್ ವೀಲಿನ ನಡುಮಧ್ಯಕ್ಕಲ್ಲ, ಸ್ವಲ್ಪ ಕೆಳಕ್ಕೆ ಕೂರುತ್ತೆ. ಕಾರಿನ ನೆಲ ತಗ್ಗಿತು, ಸದ್ದೂ ಇಳೀತು. ಆದರೆ ಹಲ್ಲುಗಳು ಜಾಸ್ತಿ ಉಜ್ಜಾಡುತ್ತವೆ. ಅದಕ್ಕೇ ಇದಕ್ಕೆ ಬೇರೆಯದೇ ಆಯಿಲ್ ಬೇಕು.

ಈಗ ನಮ್ಮ ಜೀಪಿಗೆ ಬರೋಣ. 1940ರ ದಶಕದ ಕೊನೆಗೆ ಮಹೀಂದ್ರದವರು ಮುಂಬೈನಲ್ಲಿ ವಿಲ್ಲಿಸ್ ಜೀಪ್ ಜೋಡಿಸೋಕೆ ಶುರು ಮಾಡಿದರು. ಸಕಲೇಶಪುರದ ನನ್ನ ಸೋದರಮಾವನ ಹತ್ತಿರ ಅದೇ ವಂಶದ ಸಿಜೆ-3ಬಿ ಇದೆ. ಮಳೆಗಾಲದಲ್ಲಿ ತೋಟದಿಂದ ಟಾರು ರಸ್ತೆ ಮುಟ್ಟೋಕೆ ಅವರಿಗಿರೋದು ಅದೊಂದೇ. ಹಿಂದಿನ ಆಕ್ಸಲ್ ಊಳಿಡೋಕೆ ಶುರುವಾದಾಗ ಒಂದು ಗ್ಯಾರೇಜಿನವರು "ಜೀಪನ್ನೇ ಗುಜರಿಗೆ ಹಾಕಿ" ಅಂದರು. ಮಾವ ಒಪ್ಪಲಿಲ್ಲ. ದೀಪಾವಳಿ ರಜೆಯಲ್ಲಿ ನಾವಿಬ್ಬರೇ ಮನೆ ಶೆಡ್ಡಿನಲ್ಲಿ ಬಿಚ್ಚಿದೆವು.

ಹೊಸ ಕ್ರೌನ್ ಪಿನಿಯನ್ ಜೊತೆಯಾಗೇ ಬರುತ್ತೆ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರ್ತಾರೆ, ಹಾಗಾಗಿ ಜೊತೆ ಒಡೆಯಬಾರದು. ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಇವೆರಡಕ್ಕೂ ಸಾಮಾನ್ಯ ಭಾಜಕ ಇಲ್ಲ, ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಮುಟ್ಟುತ್ತೆ, ಸವೆತ ಸಮನಾಗಿ ಹಂಚಿಹೋಗುತ್ತೆ. ಕೋಡ್ ಬರೆಯೋರಿಗೆ ಈ ಲೆಕ್ಕ ಇಷ್ಟ ಆಗದೇ ಇರುತ್ತಾ?

ಸೆಟ್ ಮಾಡೋಕೆ ನಾಲ್ಕು ಹೆಜ್ಜೆ. ಶಿಮ್ ಹಾಕಿ ಪಿನಿಯನ್ ಎಷ್ಟು ಒಳಗೆ ಕೂರಬೇಕು ಅಂತ ಗೊತ್ತು ಮಾಡಬೇಕು. ಅದರ ಬೇರಿಂಗಿಗೆ ಸರಿಯಾದ ಬಿಗಿ ಕೊಡಬೇಕು. ಕ್ರೌನನ್ನು ಪಕ್ಕಕ್ಕೆ ಸರಿಸಿ, ಹಲ್ಲುಗಳ ನಡುವಿನ ಪ್ಲೇಯನ್ನು ಡಯಲ್ ಗೇಜಿನಲ್ಲಿ ನೋಡಬೇಕು. ಇದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಇರುತ್ತೆ, ಕೊನೆ ಮಾತು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನದು. ಕೊನೆಗೆ ಹಲ್ಲಿಗೆ ಬಣ್ಣ ಬಳಿದು ತಿರುಗಿಸಬೇಕು. ಗುರುತು ಹಲ್ಲಿನ ತುದಿಗೆ ಬಿದ್ದರೆ ಪಿನಿಯನ್ ದೂರ ಇದೆ, ಬುಡಕ್ಕೆ ಬಿದ್ದರೆ ತೀರಾ ಹತ್ತಿರ ಇದೆ. ನಡುವೆ ಬೀಳೋವರೆಗೂ ಶಿಮ್ ಬದಲಿಸೋದು. ನಾವು ಮೂರು ಸಲ ಬಿಚ್ಚಿ ಹಾಕಿದೆವು.

ಪಿನಿಯನ್ ತಲೆ ಮೇಲೆ ಪ್ಲಸ್ಸೋ ಮೈನಸ್ಸೋ ಒಂದು ಸಣ್ಣ ಅಂಕಿ ಕೆತ್ತಿರ್ತಾರೆ. ಆ ಪಿನಿಯನ್ ಅಳತೆಗಿಂತ ಎಷ್ಟು ಆಚೀಚೆ ಕೂರಬೇಕು ಅನ್ನೋದರ ಲೆಕ್ಕ ಅದು. ನೂರು ವರ್ಷದ ಗಿಯರ್ ವಿದ್ಯೆ ಆ ಒಂದು ಅಂಕಿಯಲ್ಲಿ ನಮ್ಮ ಶೆಡ್ಡಿನವರೆಗೆ ಬಂದಿತ್ತು. ಓದಿದವರಿಗೆ ಜೀಪ್ ಉಳಿಯುತ್ತೆ, ಓದದವರಿಗೆ ಅದು ಗುಜರಿ. ಮಾವನ ಜೀಪ್ ಈ ಮಳೆಗಾಲವನ್ನೂ ದಾಟಿತು, ಊಳಿಡೋದು ನಿಂತಿದೆ.

ನಿಮ್ಮೂರಿನಲ್ಲಿ ಆ ಅಂಕಿ ಓದಬಲ್ಲ ಹಿರಿಯ ಮೆಕ್ಯಾನಿಕ್ ಇದ್ದರೆ, ಮುಂದಿನ ಸಲ ಹೋದಾಗ ಅವರ ಪಕ್ಕ ಒಂದು ದಿನ ಕೂತು ಕಲಿತುಕೊಳ್ಳಿ. ಮತ್ತೆ ಸಿಗೋಣ.